ರೌಂಡರ್ 0044: ಅರ್ಧ ಗಂಟೆಯ ರೆಕಾರ್ಡು, ಮುಗಿಯದ ಜಗಳ

ಈ ರೆಕಾರ್ಡಿನ ಹೆಸರು 'ಜೆ.ಡಿ. ಕ್ರೋ ಅಂಡ್ ದ ನ್ಯೂ ಸೌತ್'. 1975ರಲ್ಲಿ ರೌಂಡರ್ ಕಂಪನಿ ಹೊರಗೆ ತಂದದ್ದು. ಬ್ಲೂಗ್ರಾಸ್ ಅಂದರೆ ಬ್ಯಾಂಜೋ, ಫಿಡಲ್ (ಪಿಟೀಲು), ಮ್ಯಾಂಡೊಲಿನ್ ಥರದ ತಂತಿವಾದ್ಯಗಳ ಅಮೆರಿಕನ್ ಹಳ್ಳಿ ಸಂಗೀತ. ಆದರೆ ಅದರ ಹುಚ್ಚಿರುವವರು ಯಾರೂ ಇಷ್ಟುದ್ದ ಹೆಸರು ಹೇಳುವುದಿಲ್ಲ. ಕ್ಯಾಟಲಾಗ್ ನಂಬರ್ 0044 ಅಂದರೆ ಸಾಕು, ಎಲ್ಲರಿಗೂ ಗೊತ್ತು. ಬೆಂಗಳೂರಲ್ಲಿ ಬಸ್ಸಿಗೆ ನಂಬರ್ ಹೇಳಿದ ಹಾಗೆ.

ನಾನು ನಾರ್ತ್ ಕ್ಯಾರೊಲೈನಾದ ರಾಲಿಗೆ ಬಂದದ್ದು ಕೆಲಸಕ್ಕೆ. ಸಂಗೀತಕ್ಕಲ್ಲ. ಇಂಟರ್‌ನ್ಯಾಷನಲ್ ಬ್ಲೂಗ್ರಾಸ್ ಸಂಘದ ದೊಡ್ಡ ಜಾತ್ರೆ 2013ರಿಂದ 2024ರ ತನಕ ಈ ಊರಿನದೇ ಆಗಿತ್ತು, ನಡು ಬೀದಿಯಲ್ಲೇ ಸ್ಟೇಜ್ ಹಾಕುತ್ತಿದ್ದರು. ಕಾರ್ನ್ ಡಾಗ್ ತಿನ್ನೋಕೆ ಅಂತ ಹೋದವನು ನಾಲ್ಕು ಗಂಟೆ ನಿಂತುಬಿಟ್ಟೆ. ಅಲ್ಲೇ ಪರಿಚಯವಾದವರು ಒಬ್ಬ ಅಜ್ಜ, ಎಪ್ಪತ್ತು ದಾಟಿದೆ, ಮ್ಯಾಂಡೊಲಿನ್ ನುಡಿಸುತ್ತಾರೆ. ಈಗ ತಿಂಗಳಿಗೆ ಎರಡು ಸಲ ಅವರ ಮನೆ ಜಗಲಿಯಲ್ಲಿ ಕೂತು ಜಗಳ ಆಡುತ್ತೇವೆ.

ಜಗಳ ಒಂದೇ. ಬ್ಲೂಗ್ರಾಸ್ ಎಲ್ಲಿಂದ ಕೇಳೋಕೆ ಶುರುಮಾಡಬೇಕು?

ಅಜ್ಜನ ಪ್ರಕಾರ ಬಿಲ್ ಮನ್ರೋ ಕೇಳದೆ ಬೇರೆ ಏನನ್ನೂ ಮುಟ್ಟಬಾರದು. ಅವರ ಮಾತಲ್ಲಿ ನ್ಯಾಯ ಇದೆ. ಕೆಂಟಕಿಯ ಮನ್ರೋ ತನ್ನ ತಂಡಕ್ಕೆ ಬ್ಲೂ ಗ್ರಾಸ್ ಬಾಯ್ಸ್ ಅಂತ ಹೆಸರಿಟ್ಟ, ಈ ಸಂಗೀತಕ್ಕೆ ಹೆಸರು ಬಂದದ್ದೇ ಅದರಿಂದ. 1945ರ ಕೊನೆಗೆ ಆ ತಂಡಕ್ಕೆ ಅರ್ಲ್ ಸ್ಕ್ರಗ್ಸ್ ಬಂದು ಮೂರು ಬೆರಳಲ್ಲಿ ಬ್ಯಾಂಜೋ ನುಡಿಸಿದ ಮೇಲೆ ಅದು ಈಗಿನ ರೂಪಕ್ಕೆ ಬಂತು. ಎಲ್ಲಾ ಸರಿ. ಆದರೆ ಮನ್ರೋ ದನಿ ಮೇಲಿನ ಸ್ಥಾಯಿಯಲ್ಲಿ ಕೊರೆಯುತ್ತದೆ, ಹಳೇ ರೆಕಾರ್ಡಿಂಗ್ ಬೇರೆ, ಹೊಸಬರು ಎರಡನೇ ಹಾಡಿಗೇ ಎದ್ದು ಹೋಗುತ್ತಾರೆ. ನಾನೇ ಹೋಗಿದ್ದೆ. ನನ್ನನ್ನ ವಾಪಸ್ ಕರೆದು ಕೂರಿಸಿದ್ದು 0044.

ಮೊದಲ ಹಾಡು 'ಓಲ್ಡ್ ಹೋಮ್ ಪ್ಲೇಸ್'. ತಂಡದ ಯಜಮಾನ ಕ್ರೋನ ಬ್ಯಾಂಜೋ ಹಾಡನ್ನ ಎತ್ತಿಕೊಡುತ್ತದೆ. ವೇಗ ಇದೆ, ಅವಸರ ಇಲ್ಲ. ಕಥೆ ಇಷ್ಟೇ: ಹತ್ತು ವರ್ಷದ ಹಿಂದೆ ಒಬ್ಬ ಹುಡುಗ ಪ್ರೀತಿಸಿದ ಹುಡುಗಿ ಹಿಂದೆ ಊರು ಬಿಟ್ಟ, ಮರ ಕೊಯ್ಯುವ ಮಿಲ್ಲಲ್ಲಿ ದುಡಿದ, ಹುಡುಗಿ ಬೇರೆಯವನ ಜೊತೆ ಹೋದಳು, ಈಗ ನೋಡಿದರೆ ಊರಿನ ಹಳೇ ಮನೆಯನ್ನೂ ಕೆಡವಿದ್ದಾರೆ. ತಂಡದ ಗಾಯಕ, ಗಿಟಾರ್ ವಾದಕ ಟೋನಿ ರೈಸ್ ಇದನ್ನ ಅಳುತ್ತಾ ಹಾಡುವುದಿಲ್ಲ. ಪಕ್ಕದಲ್ಲಿ ಕೂತು ಹೇಳಿದ ಹಾಗೆ ಹಾಡುತ್ತಾನೆ. ಗಿಟಾರ್ ಹಿಡಿಯುವವರು ಗಮನಿಸಿ, ಜಿ ಕಾರ್ಡಿಂದ ಸಾಮಾನ್ಯವಾಗಿ ಹೋಗೋ ಕಡೆ ಹೋಗದೆ ಹಾಡು ಬಿ ಮೇಜರ್‌ಗೆ ಹಾರುತ್ತದೆ. ಆ ಒಂದು ಕಾರ್ಡಲ್ಲಿ ಕಾಲ ಕೆಳಗಿನ ಮೆಟ್ಟಿಲು ತಪ್ಪಿದ ಹಾಗಾಗುತ್ತದೆ. ನಮ್ಮ ತೀರ್ಥಹಳ್ಳಿ ಕಡೆಯ ಮನೆಯ ಹೆಂಚು ಇಳಿಸಿದ ದಿನ ನಾನು ಇಲ್ಲಿದ್ದೆ, ವಾಟ್ಸಾಪಲ್ಲಿ ಫೋಟೋ ಬಂತು. ಆ ಬಿ ಕಾರ್ಡ್ ಬಂದಾಗಲೆಲ್ಲಾ ಆ ಫೋಟೋ. ಇರಲಿ.

ತಂಡದಲ್ಲಿ ಐದೇ ಜನ. ಡ್ರಮ್ ಇಲ್ಲ. ತಬಲಾದವನು ಮಾಡುವ ಕೆಲಸವನ್ನ ಇಲ್ಲಿ ಮ್ಯಾಂಡೊಲಿನ್ ಮಾಡುತ್ತದೆ, ತಂತಿ ಬಾರಿಸಿ ತಕ್ಷಣ ಬೆರಳು ಸಡಿಲಿಸಿ ನಾದ ಕತ್ತರಿಸಿದರೆ 'ಟಕ್' ಅಂತ ಒಂದು ಪೆಟ್ಟು ಬರುತ್ತದೆ, ಅದಕ್ಕೆ ಚಾಪ್ ಅನ್ನುತ್ತಾರೆ. ಇದರಲ್ಲಿ ಮ್ಯಾಂಡೊಲಿನ್, ಫಿಡಲ್ ಎರಡೂ ರಿಕಿ ಸ್ಕ್ಯಾಗ್ಸ್. ಬಾಸ್ ಬಾಬಿ ಸ್ಲೋನ್. ಡೋಬ್ರೋ ಜೆರ್ರಿ ಡಗ್ಲಸ್, ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಗಿಟಾರನ್ನ ಮಲಗಿಸಿ ಮೇಲೆ ಉಕ್ಕಿನ ತುಂಡು ಜಾರಿಸುವ ವಾದ್ಯ ಇದು, ನಮ್ಮ ಕಿವಿಗೆ ಹವಾಯನ್ ಗಿಟಾರ್ ಥರವೇ ಕೇಳುತ್ತದೆ. ಮುಂದೆ ಮೋಹನವೀಣೆಯ ವಿಶ್ವಮೋಹನ ಭಟ್ಟರ ಜೊತೆ ಆಲ್ಬಮ್ ಮಾಡಿದ್ದೂ ಇದೇ ಡಗ್ಲಸ್. ಗಾಯನದಲ್ಲಿ ರೈಸ್ ನಡುವೆ, ಸ್ಕ್ಯಾಗ್ಸ್ ಮೇಲೆ, ಕ್ರೋ ಕೆಳಗೆ. ಮೂರು ದನಿಯೂ ಒಂದೇ ಗಂಟಲಿಂದ ಬಂದ ಹಾಗಿದೆ.

ಅಜ್ಜನ ತಕರಾರು ಹಾಡುಗಳ ಆಯ್ಕೆ ಮೇಲೆ. ಕೆನಡಾದ ಫೋಕ್ ಹಾಡುಗಾರರಾದ ಗಾರ್ಡನ್ ಲೈಟ್‌ಫುಟ್ ಹಾಡು ಎರಡು, ಇಯನ್ ಟೈಸನ್ ಹಾಡು ಒಂದು, ರಾಕ್ ಅಂಡ್ ರೋಲ್‌ನ ಫ್ಯಾಟ್ಸ್ ಡೊಮಿನೋ ಹಾಡೂ ಇದೆ. "ಇದು ಬ್ಲೂಗ್ರಾಸಾ ಅಥವಾ ರೇಡಿಯೋ ಸ್ಟೇಷನ್ನಾ?" ಅಂತ ಕೇಳುತ್ತಾರೆ. ಫ್ಯಾಟ್ಸ್ ಡೊಮಿನೋ ವಿಷಯದಲ್ಲಿ ನಾನು ಸೋತೆ. 'ಐಯಾಮ್ ವಾಕಿನ್' ಸುಮ್ನೆ ಖುಷಿಗೆ ಹಾಡಿದ್ದು, ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಲೈಟ್‌ಫುಟ್‌ನ 'ಟೆನ್ ಡಿಗ್ರೀಸ್' ಬಿಟ್ಟುಕೊಡಲ್ಲ. ಚಳಿಯಲ್ಲಿ ರಸ್ತೆ ಬದಿ ಲಿಫ್ಟ್‌ಗೆ ಕಾಯುವ ಹಾಡುಗಾರ, ಕೈಲಿದ್ದ ಮಾರ್ಟಿನ್ ಗಿಟಾರನ್ನೂ ಕೊಟ್ಟುಬಿಟ್ಟಿದ್ದಾನೆ. ಅದೇ 1975ರಲ್ಲಿ ಟೋನಿ ರೈಸ್‌ಗೆ ಒಂದು ಹಳೇ ಮಾರ್ಟಿನ್ ಸಿಕ್ಕಿತು. 1935ರ ಡಿ-28 ಮಾಡೆಲ್, ಹೆಸರಾಂತ ಬ್ಲೂಗ್ರಾಸ್ ಗಿಟಾರ್ ವಾದಕ ಕ್ಲಾರೆನ್ಸ್ ವೈಟ್ ಹತ್ತಿರ ಇದ್ದದ್ದು, 550 ಡಾಲರ್‌ಗೆ. ಆ ಗಿಟಾರ್ ಕಥೆ ಎತ್ತಿದರೆ ಅಜ್ಜನೂ ಜಗಳ ನಿಲ್ಲಿಸಿ ಕೇಳುತ್ತಾರೆ.

ಈ ಐವರು ಒಟ್ಟಿಗೆ ಇದ್ದದ್ದು ಒಂದು ವರ್ಷವೂ ಪೂರ್ತಿ ಅಲ್ಲ. 1975 ಮುಗಿಯುವ ಮೊದಲೇ ರೈಸ್ ಕ್ಯಾಲಿಫೋರ್ನಿಯಾಗೆ ಹೋದ, ಸ್ಕ್ಯಾಗ್ಸ್, ಡಗ್ಲಸ್ ಬೇರೆ ತಂಡ ಕಟ್ಟಿದರು. ರೈಸ್‌ನ ಗಂಟಲು 1990ರ ದಶಕದಲ್ಲಿ ಕೈಕೊಟ್ಟಿತು, ಆಮೇಲೆ ಅವನು ಬರೀ ಗಿಟಾರ್. 2020ರ ಕ್ರಿಸ್‌ಮಸ್ ದಿನ ಹೋದ. ಕ್ರೋ ಹೋದದ್ದು ಮರುವರ್ಷ ಡಿಸೆಂಬರ್ 24ಕ್ಕೆ. ಇದೆಲ್ಲಾ ಗೊತ್ತಾದ ಮೇಲೆ ಆ ದನಿ ಕೇಳೋದು ಸ್ವಲ್ಪ ಕಷ್ಟ. 2024ರಲ್ಲಿ ಅಮೆರಿಕ ಸರ್ಕಾರದ ಲೈಬ್ರರಿ ಆಫ್ ಕಾಂಗ್ರೆಸ್ ಈ ರೆಕಾರ್ಡನ್ನ ತನ್ನ ನ್ಯಾಷನಲ್ ರೆಕಾರ್ಡಿಂಗ್ ರಿಜಿಸ್ಟ್ರಿಗೆ, ಅಂದರೆ ಕಾಪಾಡಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ, ಸೇರಿಸಿತು ಅಂತ ಫೋನ್ ಮಾಡಿ ಹೇಳಿದೆ. "ಸರ್ಕಾರದವರಿಗೆ ಏನು ಗೊತ್ತು" ಅಂದರು ಅಜ್ಜ.

ನನ್ನ ದೂರು ಎರಡು. ಒಂದು, ಹನ್ನೊಂದು ಹಾಡು ಸೇರಿ ಅರ್ಧ ಗಂಟೆ ಆಸುಪಾಸು, ಅಷ್ಟೇ. ಕಾಫಿ ಆರುವುದರೊಳಗೆ ಒಂದು ಸೈಡ್ ಮುಗಿದಿರುತ್ತದೆ. ಇನ್ನೊಂದು ರೆಕಾರ್ಡಿನ ತಪ್ಪಲ್ಲ. ಇಲ್ಲಿನ ಒಂದು ಅಂಗಡಿಯಲ್ಲಿ ಹದಿನೆಂಟು ಡಾಲರ್ ಕೊಟ್ಟು ಸೆಕೆಂಡ್ ಹ್ಯಾಂಡ್ ಎಲ್‌ಪಿ ತಂದೆ. ಮೇಲೆ 'ತುಂಬಾ ಚೆನ್ನಾಗಿದೆ' ಅಂತ ಚೀಟಿ. ಮನೆಗೆ ಬಂದು ಹಾಕಿದರೆ ಮೂರನೇ ಹಾಡಲ್ಲಿ ಗೀರು. 'ರಾಕ್ ಸಾಲ್ಟ್ ಅಂಡ್ ನೇಲ್ಸ್' ಇಡೀ ರೆಕಾರ್ಡಿನಲ್ಲೇ ನಿಧಾನದ, ಮೆಲು ಹಾಡು, ರೈಸ್ ಉಸಿರು ಎಳೆದುಕೊಳ್ಳುವುದೂ ಕೇಳಬೇಕು ಅನ್ನಿಸುವ ಜಾಗದಲ್ಲಿ ಟಿಕ್, ಟಿಕ್, ಆಮೇಲೆ ಮುಳ್ಳು ಹಾರಿ ಮುಂದಿನ ಸಾಲಿಗೆ. ವಾಪಸ್ ತಗೊಂಡು ಹೋದರೆ ಹಳೇ ಮಾಲು ವಾಪಸ್ ಇಲ್ಲ ಅಂದರು.

ಈ ಗೋಳು ಹೇಳಿಕೊಂಡಾಗ ಅಜ್ಜ ಒಳಗೆ ಹೋಗಿ ತಮ್ಮ ಪ್ರತಿ ತಂದುಕೊಟ್ಟರು. ಕವರಿನ ಅಂಚೆಲ್ಲಾ ಸವೆದು ಟೇಪ್ ಅಂಟಿಸಿದ್ದಾರೆ. ಅದನ್ನ ಬೈಯುವ ಮನುಷ್ಯ ಅದನ್ನ ಅಷ್ಟು ಸಲ ತೆಗೆದಿದ್ದಾರೆ. ನಾನು ಕವರನ್ನೇ ನೋಡುತ್ತಾ ನಿಂತಿದ್ದು ಕಂಡು, "ನೋಡ್ತಾ ಇರಬೇಡ, ಹಾಕು" ಅಂದರು.

ಕೊಳ್ಳುವವರಿಗೆ: ಸಿಡಿ ಆದರೆ ಧೈರ್ಯವಾಗಿ ತಗೊಳ್ಳಿ. ಹಳೇ ಎಲ್‌ಪಿ ಆದರೆ ಅಂಗಡಿಯಲ್ಲೇ ಹಾಕಿಸಿ ಕೇಳಿ. ಮೊದಲ ಹಾಡಲ್ಲ, ಮೂರನೇದು.