ಒಂದೇ ಹಿತ್ತಲು, ಐದು ಬಗೆಯ ಪ್ರಿಮ್ರೋಸ್

ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟಿನಲ್ಲಿ ನಮ್ಮ ಮನೆ. ಹಿತ್ತಲು ಆರು ಮೀಟರ್ ಅಗಲ, ಹತ್ತು ಮೀಟರ್ ಉದ್ದ. ಉತ್ತರಕ್ಕೆ ಮುಖ, ಕಾಲಿಟ್ಟರೆ ಚಪ್ಪಲಿಗೆ ಮೆತ್ತಿಕೊಳ್ಳುವ ಜೇಡಿಮಣ್ಣು. ಮಲೆನಾಡಿನ ಸಾಗರದ ಕಡೆ ಮಳೆಗಾಲಕ್ಕೆ ಮುಂಚೆ ಅಕ್ಕಪಕ್ಕದ ಮನೆಯವರ ಜತೆ ಡೇರೆ ಹೂವಿನ ಗೆಡ್ಡೆ ಬದಲಾಯಿಸಿಕೊಂಡು ಬೆಳೆದವಳು ನಾನು. ಇಲ್ಲಿಯ ಫೆಬ್ರವರಿಯಲ್ಲಿ ಹೂವೇ ಇಲ್ಲದ ಅಂಗಳ ನೋಡಿಕೊಂಡು ಕೂರಲು ಆಗುತ್ತಿರಲಿಲ್ಲ. ಆ ಚಳಿಯಲ್ಲೂ ಅರಳುವುದು ಯಾವುದು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಪ್ರಿಮ್ರೋಸ್. ‘ಪ್ರಿಮಾ ರೋಸಾ’, ಅಂದರೆ ವರ್ಷದ ಮೊದಲ ಗುಲಾಬಿ ಎಂಬ ಲ್ಯಾಟಿನ್ ಮಾತಿನಿಂದ ಬಂದ ಹೆಸರು.

ಆರು ವರ್ಷದಲ್ಲಿ ಇದರ ಐದು ಬಗೆ ಹಾಕಿ ನೋಡಿದ್ದೇನೆ. ನನ್ನ ಹಾಗೆ ನೆರಳು, ಒದ್ದೆ ಮಣ್ಣು ಇರುವವರು ಒಂದನ್ನೇ ತರುವುದಾದರೆ ಕಾಡು ಪ್ರಿಮ್ರೋಸನ್ನೇ ತನ್ನಿ. ಯಾಕೆ ಎಂದು ಹೇಳಲು ಉಳಿದ ನಾಲ್ಕರ ವಿಷಯವೂ ಬೇಕು.

ಮೊದಲು ತಂದದ್ದು ಎಲ್ಲರೂ ತರುವಂಥದ್ದೇ. ಜನವರಿ ಬಂದರೆ ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಟ್ರೇಗಟ್ಟಲೆ ಇಡುವ ಪಾಲಿಯಾಂಥಸ್, ಅಂದರೆ ಮಿಶ್ರತಳಿ. ಕುಂಕುಮದ ಕೆಂಪು, ನೇರಳೆ, ಅರಿಶಿನ, ಕಣ್ಣಿಗೆ ಹಬ್ಬ. ಹನ್ನೆರಡು ಗಿಡ ನೆಟ್ಟೆ. ಗಾಜಿನ ಮನೆಯ ಬೆಚ್ಚಗಿನಲ್ಲಿ ಬೆಳೆದ ಮೆತ್ತನೆ ಗಿಡಗಳು ಅವು. ಎರಡು ಹಿಮ, ಒಂದು ವಾರದ ಮಳೆ ಆಗುವಷ್ಟರಲ್ಲಿ ದಳ ಲೋಳೆಯಾಗಿ ಸುಳಿ ಕೊಳೆಯಿತು. ಮುಂದಿನ ವಸಂತಕ್ಕೆ ಉಳಿದದ್ದು ಮೂರು. ಬಾಗಿಲ ಪಕ್ಕ, ಸೂರಿನಡಿ, ಕುಂಡದಲ್ಲಿ ಇಟ್ಟರೆ ಒಂದೂವರೆ ತಿಂಗಳು ಚೆಂದವಾಗಿರುತ್ತವೆ. ಅಷ್ಟಕ್ಕೆ ತರುವುದಾದರೆ ತನ್ನಿ, ನೆಲಕ್ಕೆ ಬೇಡ.

ಕೌಸ್ಲಿಪ್ ಎಂಬುದು ಕಾಡು ಪ್ರಿಮ್ರೋಸಿನ ತಂಗಿ. ಒಂದೇ ದಂಟಿನ ತುದಿಯಲ್ಲಿ ತಲೆಬಾಗಿದ ಹಳದಿ ಹೂಗಳ ಗೊಂಚಲು, ಏಪ್ರಿಕಾಟಿನಂಥ ತೆಳು ಪರಿಮಳ. ಅದಕ್ಕೆ ಬಿಸಿಲು ಬೇಕು, ಸುಣ್ಣದ ಅಂಶವಿರುವ ಮಣ್ಣು ಹಿತ. ದಕ್ಷಿಣ ಇಂಗ್ಲೆಂಡಿನ ಸುಣ್ಣಗುಡ್ಡಗಳ ಹುಲ್ಲುಗಾವಲು ಅದರ ತವರು. ನನ್ನ ನೆರಳಿನಲ್ಲಿ ಎಲೆ ಬೆಳೆಯಿತೇ ಹೊರತು ಹೂ ಎರಡೇ ದಂಟು, ಮೂರನೆಯ ವರ್ಷ ಗಿಡವೇ ಇಲ್ಲ. ಅದೇ ಟ್ರೇಯ ಇನ್ನೆರಡು ಸಸಿ ಗೆಳತಿಯ ಮನೆಯ ಮುಂದಿನ ಬಿಸಿಲು ಹುಲ್ಲಿನಲ್ಲಿ ಈಗ ಹಿಂಡಾಗಿವೆ. ಅವಳು ಜುಲೈವರೆಗೆ ಅಲ್ಲಿಯ ಹುಲ್ಲು ಕತ್ತರಿಸುವುದಿಲ್ಲ, ಬೀಜ ಉದುರಲಿ ಅಂತ.

ಆರಿಕ್ಯುಲಾ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಆಲ್ಪ್ಸ್ ಪರ್ವತದ ಬಂಡೆಸಂದಿಯ ಮೂಲದ್ದು. ನಾವಿರುವ ಈ ಸೀಮೆಗೂ ಅದಕ್ಕೂ ಹಳೆಯ ನಂಟು. ಇಲ್ಲೇ ಪಕ್ಕದ ಲ್ಯಾಂಕಶೈರಿನ ಕೈಮಗ್ಗದ ನೇಕಾರರು ಮನೆಯಲ್ಲೇ ಮಗ್ಗ ಹಾಕಿಕೊಂಡಿದ್ದ ಕಾಲದಲ್ಲಿ ಕೆಲಸದ ನಡುವೆ ಎದ್ದು ಹೋಗಿ ಈ ಕುಂಡಗಳನ್ನು ನೋಡಿಕೊಂಡು, ಹೊಸ ತಳಿ ಎಬ್ಬಿಸಿ, ಸ್ಪರ್ಧೆಗೆ ಒಯ್ಯುತ್ತಿದ್ದರು. ಸ್ಪರ್ಧೆಯ ಕೆಲವು ಜಾತಿಗಳಲ್ಲಿ ಹೂವಿನ ನಡುವೆ ಬಿಳಿ ಉಂಗುರ, ಸುತ್ತ ಕಪ್ಪು, ಅಂಚಿನಲ್ಲಿ ಹಸಿರು ಅಥವಾ ಬೂದು. ಕಂಪಾಸು ಹಿಡಿದು ಬರೆದಷ್ಟು ಗುಂಡಗೆ ಇರುತ್ತದೆ. ಎಲೆಯ ಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಪುಡಿ. ಅದು ಗಿಡವೇ ಹೊರಸೂಸುವಂಥದ್ದು, ಮಳೆಹನಿ ಬಿದ್ದರೆ ತೊಳೆದುಹೋಗುತ್ತದೆ. ಅದಕ್ಕೇ ಸ್ಪರ್ಧೆಯ ಗಿಡಗಳನ್ನು ಮಾಡಿನಡಿ ಇಡುವುದು.

ಎರಡು ವರ್ಷದ ಹಿಂದೆ ಏಪ್ರಿಲಿನಲ್ಲಿ ಅತ್ತೆ ಊರಿಂದ ಬಂದಿದ್ದರು. ಬೆಳಿಗ್ಗೆ ನಾನು ಕಾಫಿ ಹಿಡಿದು ಹೊರಗೆ ಬರುವಷ್ಟರಲ್ಲಿ ಸೆರಗಿನ ತುದಿ ಒದ್ದೆ ಮಾಡಿಕೊಂಡು ಬೂದು ಅಂಚಿನ ಗಿಡದ ಎಲೆ ಒಂದೊಂದನ್ನೇ ಒರೆಸುತ್ತಿದ್ದರು.

“ಎಂಥ ಧೂಳು ಕೂತಿದೆಯೇ ಇದಕ್ಕೆ!”

“ಅತ್ತೆ, ಅದು ಧೂಳಲ್ಲ, ಗಿಡದ್ದೇ ಹಿಟ್ಟು.”

ಅವರು ಕೈ ಹಿಂದೆ ತೆಗೆದು, ಬೆರಳಿಗೆ ಅಂಟಿದ್ದನ್ನು ಬಹಳ ಹೊತ್ತು ನೋಡಿದರು. “ತನ್ನನ್ನು ತಾನೇ ಸಿಂಗಾರ ಮಾಡಿಕೊಳ್ಳುತ್ತದೆ ಅನ್ನು” ಎಂದರು. ಒರೆಸಿದ ಎಲೆಗೆ ಆ ಪುಡಿ ಮತ್ತೆ ಬರಲಿಲ್ಲ. ಹೊಸ ಎಲೆಗಳು ಮಾತ್ರ ತಮ್ಮ ಪುಡಿ ಹೊತ್ತುಕೊಂಡೇ ಬಂದವು.

ಆರಿಕ್ಯುಲಾಗೆ ಮಣ್ಣಿನಲ್ಲಿ ಮೂರನೇ ಒಂದು ಪಾಲು ಸಣ್ಣ ಜಲ್ಲಿ ಬೆರೆಸುತ್ತೇನೆ, ಕುಂಡ ಒಂಬತ್ತು ಸೆಂಟಿಮೀಟರಿನದು, ಚಳಿಗಾಲದಲ್ಲಿ ನೀರು ಇಲ್ಲವೆನ್ನುವಷ್ಟು ಕಮ್ಮಿ. ಇಷ್ಟು ಮಾಡಿದರೂ ಹನ್ನೊಂದರಲ್ಲಿ ಏಳು ಹೋದವು. ಒಂದು ದಿನ ಬಾಡಿದ ಗಿಡವನ್ನು ಹಿಡಿದೆತ್ತಿದರೆ ಬೇರೇ ಇಲ್ಲದೆ ಕೈಗೆ ಬಂತು. ಮಣ್ಣಿನಲ್ಲಿ ಬಿಳೀ ಮೈ, ಕಂದು ತಲೆ, ಕೊಕ್ಕೆಯಂತೆ ಬಾಗಿದ ಹುಳುಗಳು. ನಮ್ಮ ಅಡಿಕೆ ತೋಟದ ಗೊಣ್ಣೆಹುಳುವಿನ ಚಿಕ್ಕ ರೂಪ. ಇಲ್ಲಿ ವೈನ್ ವೀವಿಲ್ ಅನ್ನುತ್ತಾರೆ. ಈಗ ಪ್ರತಿ ಸೆಪ್ಟೆಂಬರಿನಲ್ಲಿ ಆ ಹುಳುವನ್ನು ಕೊಲ್ಲುವ ನೆಮಟೋಡು ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಗಳನ್ನು ನೀರಿಗೆ ಕಲಸಿ ಕುಂಡಕ್ಕೆ ಹಾಕುತ್ತೇನೆ. ದಿನಾ ಹತ್ತು ನಿಮಿಷ ಕೊಡಬಲ್ಲವರಿಗೆ ಇದರಷ್ಟು ಸಂತೋಷ ಕೊಡುವ ಗಿಡ ಇನ್ನೊಂದಿಲ್ಲ. ಪಕ್ಕದ ಮನೆಯ ಅಜ್ಜ ಕೊಟ್ಟ ಬಾರ್ಡರ್ ಆರಿಕ್ಯುಲಾ ಮಾತ್ರ ನೆಲದಲ್ಲೇ, ಕಲ್ಲಿನ ಅಂಚಿನಲ್ಲಿ, ಯಾವ ಉಪಚಾರವೂ ಇಲ್ಲದೆ ನಿಂತಿದೆ. ಹೊಸಬರು ಅದರಿಂದ ಶುರುಮಾಡಿ.

ಮಾಡಿನ ನೀರು ಬೀಳುವ ಮೂಲೆಗೆ ಜಪಾನಿನ ಪ್ರಿಮುಲಾ ಜಪಾನಿಕಾ ಹಾಕಿದ್ದೇನೆ, ‘ಮಿಲ್ಲರ್ಸ್ ಕ್ರಿಮ್ಸನ್’ ಎಂಬ ತಳಿ. ಮೇ ತಿಂಗಳಲ್ಲಿ ಮೊಣಕಾಲೆತ್ತರದ ದಂಟು, ದೇವಸ್ಥಾನದ ದೀಪಕಂಬದಂತೆ ಅಂತಸ್ತು ಅಂತಸ್ತಾಗಿ ಹೂ. ಕಾಲಡಿ ಒದ್ದೆ ಇರುವವರೆಗೆ ಇದಕ್ಕೆ ಎದುರಿಲ್ಲ. 2022ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಬಿಸಿಲು 40 ಡಿಗ್ರಿ ದಾಟಿತಲ್ಲ, ಆ ವಾರ ನಾವು ಊರಲ್ಲಿರಲಿಲ್ಲ. ಬಂದು ನೋಡಿದರೆ ಜಪಾನಿಕಾ ಐದರಲ್ಲಿ ನಾಲ್ಕು ಒಣಗಿದ್ದವು. ಅಲ್ಲೇ ಸೇಬಿನ ಮರದಡಿಯ ಕಾಡು ಪ್ರಿಮ್ರೋಸಿನ ಎಲೆಯೂ ಸುಟ್ಟಿತ್ತು, ಆದರೆ ಅಕ್ಟೋಬರಿಗೆ ಎಲ್ಲವೂ ಚಿಗುರಿದವು.

ಆ ಕಾಡು ಪ್ರಿಮ್ರೋಸ್ ನೋಡಲು ಸಾದಾ. ಮೂಲಂಗಿ ಸೊಪ್ಪಿನಂತೆ ಸುಕ್ಕು ಎಲೆ, ಒಂದೊಂದು ದಂಟಿಗೆ ಒಂದೇ ಹೂ, ಬೆಣ್ಣೆಗಿಂತ ತಿಳಿಯಾದ ಹಳದಿ. ನರ್ಸರಿಯಿಂದ ಮೂರು ತಂದು ದರಕಿನ, ಅಂದರೆ ಒಣಗಿ ಉದುರಿದ ಎಲೆಯ ಗೊಬ್ಬರ ಹಾಕಿ ನೆಟ್ಟೆ. (ಕಾಡಿನಿಂದ ಕಿತ್ತು ತರಬೇಡಿ. ಜಾಗದ ಮಾಲೀಕರ ಒಪ್ಪಿಗೆಯಿಲ್ಲದೆ ಬೇರುಸಹಿತ ಕೀಳುವುದು ಇಲ್ಲಿ ಕಾನೂನಿಗೆ ವಿರುದ್ಧ.) ಹೂ ಧಾರಾಳ, ಆದರೆ ಎರಡು ವರ್ಷ ಒಂದು ಬೀಜದ ಸಸಿಯೂ ಇಲ್ಲ. ಪಕ್ಕದ ಅಜ್ಜ ಬಂದು ಬಗ್ಗಿ ಹೂವಿನ ಗಂಟಲು ನೋಡಿ ಕಾರಣ ಹೇಳಿದರು. ಪ್ರಿಮ್ರೋಸಿನಲ್ಲಿ ಎರಡು ಥರ. ಒಂದರಲ್ಲಿ ಗುಂಡುಪಿನ್ನಿನ ತಲೆಯ ಹಾಗೆ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ತುದಿ, ಹೂವಿನ ಬಾಯಲ್ಲೇ ಕಾಣುತ್ತದೆ, ಇನ್ನೊಂದರಲ್ಲಿ ಪರಾಗದ ಗೊಂಚಲು ಮೇಲಿದ್ದು ಶಲಾಕಾಗ್ರ ಒಳಗೆ ಕುಳಿತಿರುತ್ತದೆ. ಒಂದರ ಪರಾಗ ಇನ್ನೊಂದಕ್ಕೆ ಬಿದ್ದರೇ ಬೀಜ ಸರಿಯಾಗಿ ಕಟ್ಟುವುದು. ಡಾರ್ವಿನ್ ಇದನ್ನು ಎಷ್ಟೋ ಗಿಡದಲ್ಲಿ ಪರೀಕ್ಷಿಸಿ 1862ರಲ್ಲಿ ಬರೆದು ಪ್ರಕಟಿಸಿದ್ದ. ನನ್ನ ಮೂರೂ ಗುಂಡುಪಿನ್ನಿನವು! ಅಜ್ಜ ತಮ್ಮ ಗಿಡದಿಂದ ಎರಡನೆಯ ಥರದ ಒಂದು ತುಂಡು ಕಿತ್ತುಕೊಟ್ಟರು. ಮರುವರ್ಷ ಇಟ್ಟಿಗೆ ಹಾದಿಯ ಸಂದಿಯಲ್ಲೆಲ್ಲ ಸಸಿ. ಬೀಜಕ್ಕಂಟಿದ ಎಣ್ಣೆತುಣುಕಿನ ಆಸೆಗೆ ಇರುವೆಗಳು ಹೊತ್ತು ಹಾಕಿದ್ದು. ಅದರಲ್ಲೊಂದು ಸಸಿ ಬೆಳೆದಾಗ ಹೂವಿನ ಬಣ್ಣ ಪ್ರಿಮ್ರೋಸಿನದು, ಗೊಂಚಲು ಕೌಸ್ಲಿಪ್ಪಿನದು. ಸಾಯುವ ಮೊದಲು ಆ ತಂಗಿ ತನ್ನದೊಂದು ಗುರುತು ಬಿಟ್ಟಿದ್ದಳು.

ಯುಗಾದಿಗೆ ಇಲ್ಲಿ ಬೇವಿನ ಹೂ ಎಲ್ಲಿಂದ ಬರಬೇಕು? ಆ ಹೊತ್ತಿಗೆ ಇದು ಮೈತುಂಬ ಅರಳಿರುತ್ತದೆ, ದೇವರಿಗೆ ಇದೇ. ಅಮ್ಮ ವಿಡಿಯೊ ಕಾಲಿನಲ್ಲಿ ನೋಡಿ, “ನಮ್ಮಲ್ಲಿ ಬದುಕ್ತದನೇ?” ಎಂದರು. ಸಾಗರದ ಬೇಸಿಗೆ ಇದು ತಡೆಯುವುದಿಲ್ಲ. ಆದರೆ ಬಾಲ್ಯದಲ್ಲಿ ಹೊಟ್ಟೆಹುಳಕ್ಕೆಂದು ಅವರು ಕುಡಿಸುತ್ತಿದ್ದ ವಾಯುವಿಳಂಗವನ್ನು ಸಸ್ಯಶಾಸ್ತ್ರಜ್ಞರು ಈಗ ಪ್ರಿಮ್ರೋಸಿನ ಕುಟುಂಬಕ್ಕೇ ಸೇರಿಸಿದ್ದಾರೆ ಎಂದೆ. “ಹಾಗಾದ್ರೆ ನೆಂಟರೇ” ಅಂದರು.

ಮೇ ಕೊನೆಗೆ ಹೂ ಮುಗಿದ ಮೇಲೆ ಅತ್ತೆಯೇ ಕುಳಿತು ಅಜ್ಜ ಕೊಟ್ಟದ್ದೂ ಸೇರಿ ಮೂರು ಹಳೇ ಬುಡಗಳನ್ನು ಎತ್ತಿ, ಸೇವಂತಿಗೆ ಹಿಳ್ಳು ಬಿಡಿಸುವ ಹಾಗೆ ಕೈಯಲ್ಲೇ ಬಿಡಿಸಿದರು. ಹದಿನಾಲ್ಕಾದವು. ಐದನ್ನು ಮರದಡಿಗೆ ನೆಟ್ಟೆವು. ಉಳಿದ ಒಂಬತ್ತನ್ನು ಅವರು ಒದ್ದೆ ಪೇಪರಿನಲ್ಲಿ ಸುತ್ತಿ, ಯಾವುದು ಗುಂಡುಪಿನ್ನು, ಯಾವುದು ಅಲ್ಲ ಎಂದು ನನ್ನನ್ನು ಕೇಳಿ ಕೇಳಿ ಚೀಟಿ ಬರೆದು, ಜೋಡಿ ಮಾಡಿ ಬೀದಿಯ ನಾಲ್ಕು ಮನೆಗೆ ಕೊಟ್ಟು ಬಂದರು. ಉಳಿದ ಒಂದನ್ನು ಅಜ್ಜನಿಗೆ ಕೊಟ್ಟರು.