ಸ್ಯಾಂಟೊರಿನಿ, ಎಟ್ನಾ, ಬಾಂಡೋಲ್: ಯಾವ ವೈನ್ ಕೊಳ್ಳಬೇಕು?

ಮೂರೂ ಮೆಡಿಟರೇನಿಯನ್ ಕಡೆಯವೇ, ಆದರೆ ಸ್ವಭಾವ ಬೇರೆ ಬೇರೆ.

ಮೊದಲು ರುಚಿ. ಗ್ರೀಸ್‌ನ ಸ್ಯಾಂಟೊರಿನಿಯಲ್ಲಿ ಅಸಿರ್ತಿಕೊ ಎಂಬ ಬಿಳಿ ದ್ರಾಕ್ಷಿಯದೇ ರಾಜ್ಯ. ಎಷ್ಟೇ ಬಿಸಿಲಿದ್ದರೂ ಹುಳಿ ಬಿಟ್ಟುಕೊಡುವುದಿಲ್ಲ. ಅಲ್ಲಿ ಗಾಳಿ ಜೋರು. ಅದಕ್ಕೇ ಬಳ್ಳಿಯನ್ನು ನೆಲದ ಮೇಲೆ ಬುಟ್ಟಿಯ ಹಾಗೆ ಸುತ್ತಿ, ಗೊಂಚಲನ್ನು ಒಳಗೆ ಬೆಳೆಸುತ್ತಾರೆ. 19ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ಹಾಳು ಮಾಡಿದ ಫಿಲಾಕ್ಸೆರಾ ಕೀಟಕ್ಕೆ ಸ್ಯಾಂಟೊರಿನಿಯ ಜ್ವಾಲಾಮುಖಿ ಮಣ್ಣು ಒಗ್ಗಲೇ ಇಲ್ಲ, ಹಾಗಾಗಿ ಅಲ್ಲಿನ ಬಳ್ಳಿಗಳು ಉಳಿದುಕೊಂಡವು. ಇಟಲಿಯ ಸಿಸಿಲಿ ದ್ವೀಪದ ಎಟ್ನಾ ರೊಸ್ಸೊ ಎಂಬ ಕೆಂಪು ವೈನಿನಲ್ಲಿ ಕನಿಷ್ಠ 80% ನೆರೆಲ್ಲೊ ಮಸ್ಕಲೇಸೆ ದ್ರಾಕ್ಷಿ ಇರಬೇಕು. ಅದು ತಿಳಿಗೆಂಪು, ಹಗುರ. ಫ್ರಾನ್ಸಿನ ಬಾಂಡೋಲ್ ಕೆಂಪು ವೈನಿಗೆ ಮೂರ್ವೆದ್ರ್ ದ್ರಾಕ್ಷಿಯೇ ಮುಖ್ಯ. ಬಣ್ಣ ಗಾಢ, ಒಗರು ಜಾಸ್ತಿ.

ಹುರಿದ ಮೀನಿಗೆ ಅಸಿರ್ತಿಕೊ, ಕುರಿ ಮಾಂಸಕ್ಕೆ ಬಾಂಡೋಲ್, ಅಣಬೆ ಅಥವಾ ಕೋಳಿಗೆ ಎಟ್ನಾ.

ಬಾಂಡೋಲ್ ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿ ಕಳೆದೇ ಹೊರಬರುತ್ತದೆ. ಆದರೂ ಎಳೆಯದನ್ನು ತೆರೆದರೆ ಮುಖ ಕಿವುಚಬೇಕಾದೀತು! ವರ್ಷಗಟ್ಟಲೆ ತಂಪಾಗಿಡಲು ಜಾಗವಿದ್ದರೆ ಮಾತ್ರ ಕೊಳ್ಳಿ. ಇವತ್ತೇ ತೆರೆಯುವುದಾದರೆ ಎಟ್ನಾದ ಮಾಮೂಲಿ ಬಾಟಲಿ ಸಾಕು.

ಬೆಲೆ? ಸ್ಯಾಂಟೊರಿನಿಯಲ್ಲಿ ಇಳುವರಿ ಕಡಿಮೆ, ಹಾಗಾಗಿ ದುಬಾರಿ. ಕೈ ಬಿಗಿಯಿದ್ದರೆ ಉತ್ತರ ಗ್ರೀಸ್‌ನಲ್ಲಿ ಬೆಳೆದ ಅಸಿರ್ತಿಕೊ ಹುಡುಕಿ.