ಸಂಶೋಧನೆ ನಿಜ, ಕೈಗೆ ಕೊಟ್ಟ ಕ್ರೀಮ್ ಬೇರೆ: ಲಂಡನ್ನಿನಲ್ಲಿ ಇಸುಬು ಇರುವ ಮಕ್ಕಳ ಅಪ್ಪ ಅಮ್ಮಂದಿರು ದಯವಿಟ್ಟು ಓದಿ

ಲಂಡನ್ ಕಡೆ ಇರುವ ಕನ್ನಡದವರೇ, ಮಗುವಿಗೆ ಇಸುಬು ಅಂತ ಚೈನೀಸ್ ಔಷಧಿ ಅಂಗಡಿಗೆ ಹೊರಟಿದ್ದರೆ ಮೊದಲು ಇದನ್ನು ಓದಿ. ಹೋಗಲೇಬೇಡಿ ಅಂತ ಬರೆಯೋಣ ಅನ್ನಿಸುತ್ತಿದೆ, ಅಷ್ಟು ಸಿಟ್ಟಿದೆ. ಅಂಗಡಿ ಹೆಸರು ಹಾಕುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ನಡೆಯುತ್ತಿದೆ.

ಮಗಳಿಗೆ ಮೊಣಕೈ ಮಡಿಕೆಯಲ್ಲಿ, ಮಂಡಿ ಹಿಂದೆ, ಕತ್ತಿನ ಸುತ್ತ ಇಸುಬು. ರಾತ್ರಿಯೆಲ್ಲ ಕೆರೆತ, ಬೆಳಗ್ಗೆ ದಿಂಬಿನ ಮೇಲೆ ರಕ್ತದ ಕಲೆ. ಇದು ಇರುವ ಮನೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಜಿಪಿ, ಅಂದರೆ ಇಲ್ಲಿನ ಮನೆ ಡಾಕ್ಟರ್, ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕ್ರೀಮ್ ಕೊಟ್ಟಿದ್ದರು, ಹಚ್ಚಲು ನಮಗೆ ಭಯ. ಹಾಸನದಿಂದ ಅತ್ತೆ ಬೇರೆ ದಿನಾ ಫೋನಿನಲ್ಲಿ, "ಆ ಸ್ಟೀರಾಯ್ಡ್ ಹಚ್ಚಬೇಡ ಕಣಮ್ಮಾ, ಬೇರು ನಾರಿನದ್ದು ಏನಾದ್ರೂ ಸಿಗುತ್ತಾ ನೋಡು" ಅನ್ನುತ್ತಿದ್ದರು. ಸ್ಟೀರಾಯ್ಡ್ ಬೇಡ ಅಂತಲೇ ಆ ಅಂಗಡಿಗೆ ಹೋಗಿದ್ದು. ಸ್ಟೀರಾಯ್ಡ್ ಬೇಡ ಅಂತಲೇ!

ಅಲ್ಲಿ ಬಿಳಿ ಕೋಟಿನವರು ಮಗಳ ನಾಲಿಗೆ ನೋಡಿದರು, ನಾಡಿ ಹಿಡಿದರು, ಅವರ ಭಾಷೆಯಲ್ಲಿ ಏನೋ ಹೇಳಿದರು. ಕೌಂಟರಿನ ಹೆಂಗಸು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು: ಮೈಯೊಳಗೆ ಉಷ್ಣ ಜಾಸ್ತಿ, ತೇವ ಜಾಸ್ತಿ. ಪಿತ್ತ, ಉಷ್ಣ, ಥಂಡಿ ಅಂತ ಕೇಳಿಕೊಂಡೇ ಬೆಳೆದವರು ನಾವು. ಅರ್ಧ ನಂಬಿಕೆ ಅಲ್ಲೇ ಬಂದುಬಿಡುತ್ತೆ, ಅಲ್ವಾ?

ಆದರೂ ನೇರವಾಗಿ ಕೇಳಿದೆ, ಇದರಲ್ಲಿ ಸ್ಟೀರಾಯ್ಡ್ ಇದೆಯಾ ಅಂತ. "ಇಲ್ಲವೇ ಇಲ್ಲ ಮೇಡಂ, ಪೂರ್ತಿ ಹರ್ಬಲ್." ಇನ್ನೊಮ್ಮೆ ಕೇಳಿದೆ. ಆಗ ಗೋಡೆಯ ಮೇಲೆ ಫ್ರೇಮ್ ಹಾಕಿಟ್ಟ ಪೇಪರ್ ಕಟಿಂಗ್ ತೋರಿಸಿದಳು. ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಡಾಕ್ಟರುಗಳೇ ಚೈನೀಸ್ ಔಷಧಿಯನ್ನು ಇಸುಬಿನ ಮಕ್ಕಳಿಗೆ ಕೊಟ್ಟು ನೋಡಿದ್ದಾರೆ, ಗುಣವಾಗಿದೆ ಅಂತ. ಆ ಆಸ್ಪತ್ರೆ ಹೆಸರು ಕೇಳಿದ ಮೇಲೆ ಇನ್ನೇನು ಕೇಳುವುದು? ಹೆಸರು, ಪದಾರ್ಥ ಏನೂ ಬರೆಯದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕ್ರೀಮ್ ಕೊಟ್ಟರು. ಜೊತೆಗೆ ನನ್ನ ಸೊಂಟನೋವಿಗೆ ಆಕ್ಯುಪಂಕ್ಚರ್ (ಸೂಜಿ ಚುಚ್ಚುವ ಚಿಕಿತ್ಸೆ) ಪ್ಯಾಕೇಜ್, ಪೂರ್ತಿ ದುಡ್ಡು ಮುಂಗಡ, ಕ್ಯಾಷ್ ಕೊಟ್ಟರೆ ಡಿಸ್ಕೌಂಟ್.

ಕ್ರೀಮ್ ಕೆಲಸ ಮಾಡಿತು. ಅದೇ ನೋಡಿ ಮೋಸ. ಕೆಂಪು ಇಳಿಯಿತು, ಮಗಳು ನಿದ್ದೆ ಮಾಡಿದಳು, ನಾನು ಕನ್ನಡ ರಾಜ್ಯೋತ್ಸವದ ದಿನ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಈಗ ನೆನೆಸಿಕೊಂಡರೆ ನಾಚಿಕೆ. ಅವತ್ತು ಕೇಳಿ ಯಾರಾದರೂ ಆ ಕ್ರೀಮ್ ತಂದಿದ್ದರೆ ಡಬ್ಬಿ ಸಮೇತ ಇವತ್ತೇ ಜಿಪಿ ಹತ್ತಿರ ಹೋಗಿ, ದಯವಿಟ್ಟು.

ಆಮೇಲೆ ಕತ್ತಿನ ಚರ್ಮ ತೆಳ್ಳಗೆ, ಹೊಳೆಹೊಳೆಯುತ್ತ ಕಾಣತೊಡಗಿತು. ಒಂದು ದಿನ ಹಚ್ಚದಿದ್ದರೆ ಮೊದಲಿಗಿಂತ ಜೋರಾಗಿ ಬರುತ್ತಿತ್ತು. ಆಸ್ಪತ್ರೆಯ ಚರ್ಮದ ಡಾಕ್ಟರ್ ಡಬ್ಬಿ ನೋಡಿದ ತಕ್ಷಣ ನಿಟ್ಟುಸಿರು ಬಿಟ್ಟರು. ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ: ಡೆಕ್ಸಾಮೆಥಾಸೋನ್. ಸ್ಟೀರಾಯ್ಡ್ ರೀ, ಸ್ಟೀರಾಯ್ಡ್! ಜಿಪಿ ಕೊಟ್ಟ ಹೈಡ್ರೋಕಾರ್ಟಿಸೋನ್ ಬೇಡ ಅಂತ ಹೋದವಳ ಕೈಗೆ ಅದಕ್ಕಿಂತ ಜೋರಿನದ್ದನ್ನು ಹೇಳದೆ ಕೇಳದೆ ಕೊಟ್ಟಿದ್ದಾರೆ. ಈ ದೇಶದಲ್ಲಿ ಅದನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ.

ಇದು ಹೊಸದೂ ಅಲ್ಲವಂತೆ. 1999ರಲ್ಲೇ ಕಿಂಗ್ಸ್ ಕಾಲೇಜ್ ಆಸ್ಪತ್ರೆಯವರು ರೋಗಿಗಳು ತಂದ 11 ಚೈನೀಸ್ ಹರ್ಬಲ್ ಕ್ರೀಮುಗಳನ್ನು ಪರೀಕ್ಷೆ ಮಾಡಿಸಿದಾಗ 8ರಲ್ಲಿ ಇದೇ ಡೆಕ್ಸಾಮೆಥಾಸೋನ್ ಸಿಕ್ಕಿತ್ತು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ಈ ಕಟಿಂಗಿಗೆ ಯಾಕೆ ಫ್ರೇಮ್ ಹಾಕಲಿಲ್ಲ ಅಂತ ಆ ಅಂಗಡಿಯವರನ್ನು ಕೇಳಬೇಕು.

ಸಿಟ್ಟಿಗೆ ಕೂತು ಗೋಡೆಯ ಮೇಲಿದ್ದ ಸಂಶೋಧನೆಯನ್ನೂ ಹುಡುಕಿ ಓದಿದೆ. ಅದು ಸುಳ್ಳಲ್ಲ. ಲಂಡನ್ ಚೈನಾಟೌನಿನ ಡಾ. ಲುವೋ ಕೊಟ್ಟ ಔಷಧಿಯಿಂದ ಕೆಲವು ಮಕ್ಕಳು ಚೇತರಿಸಿಕೊಂಡಿದ್ದನ್ನು ಕಂಡು ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಡಾ. ಡೇವಿಡ್ ಆಥರ್ಟನ್ ಆಸಕ್ತಿ ತಗೊಂಡರು. 1992ರಲ್ಲಿ 47 ಮಕ್ಕಳ ಮೇಲೆ ಪ್ರಯೋಗದ ವರದಿ ಬಂತು. ಆದರೆ ಅಲ್ಲಿ ಕೊಟ್ಟಿದ್ದು ಹಚ್ಚುವ ಕ್ರೀಮ್ ಅಲ್ಲ! ಹತ್ತು ಮೂಲಿಕೆ ಕುದಿಸಿದ ಕಹಿ ಕಷಾಯ, ಕುಡಿಯುವುದು. ಹೋಲಿಸಿ ನೋಡಲು ಅದೇ ಮಕ್ಕಳಿಗೆ ಸ್ವಲ್ಪ ಕಾಲ ಬೇರೆ ಮೂಲಿಕೆಗಳ ಹುಸಿ ಕಷಾಯವನ್ನೂ ಕೊಟ್ಟಿದ್ದರು. ಫಲ ಚೆನ್ನಾಗಿತ್ತು, ನಿಜ. 1999ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಆ ಔಷಧಿಯನ್ನೇ ಕೊಟ್ಟು ನೋಡಿದಾಗ ಅಂಥ ಫಲ ಕಾಣಲಿಲ್ಲ. ಅದಿರಲಿ. ಆ ಕಷಾಯಕ್ಕೂ ನನ್ನ ಮಗಳ ಕತ್ತಿಗೆ ಹಚ್ಚಿದ ಆ ಡಬ್ಬಿಗೂ ಏನು ಸಂಬಂಧ? ಯಾರದೋ ಮಾರ್ಕ್ಸ್ ಕಾರ್ಡ್ ತೋರಿಸಿ ಕೆಲಸ ಗಿಟ್ಟಿಸಿಕೊಂಡ ಹಾಗೆ.

ಕ್ರೀಮ್ ಪರೀಕ್ಷೆಯ ರಿಪೋರ್ಟ್ ಹಿಡಿದುಕೊಂಡು ಅಂಗಡಿಗೆ ಹೋದೆ. ಅವರ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಗಿಡಮೂಲಿಕೆಯಲ್ಲೇ ನ್ಯಾಚುರಲ್ ಸ್ಟೀರಾಯ್ಡ್ ಇರುತ್ತೆ ಮೇಡಂ." ಡೆಕ್ಸಾಮೆಥಾಸೋನ್ ಯಾವ ಗಿಡದಲ್ಲೂ ಬೆಳೆಯುವುದಿಲ್ಲ, ಫ್ಯಾಕ್ಟರಿಯಲ್ಲಿ ತಯಾರಾಗುವುದು ಅಂದೆ. "ಹಾಗಾದ್ರೆ ಸಪ್ಲೈ ಮಾಡಿದವರು ಹಾಕಿರಬೇಕು, ನಮಗೆ ಗೊತ್ತಿಲ್ಲ." ಮೊದಲ ದಿನ, ಇದು ಅಂಗಡಿಯ ಒಳಗೆ ನಾವೇ ಅರೆದು ಮಾಡಿದ್ದು ಅಂದಿದ್ದಿರಲ್ಲ ಅಂತ ಕೇಳಿದೆ. ಉತ್ತರವಿಲ್ಲ. ಆಮೇಲೆ, "ನೀವು ಜಾಸ್ತಿ ಹಚ್ಚಿದ್ದೀರಿ." ಆಮೇಲೆ, "ನಿಮ್ಮ ಇಂಡಿಯಾದಲ್ಲೂ ಇಂಥ ಔಷಧಿ ಇದೆಯಲ್ಲ, ನಿಮಗೆ ಅರ್ಥ ಆಗಬೇಕು." ಕೊನೆಗೆ, "ನಮ್ಮ ವೈದ್ಯಕ್ಕೆ ನೊಬೆಲ್ ಬಂದಿದೆ!" ಬಂದಿದೆ, 2015ರಲ್ಲಿ ತು ಯೂಯೂ ಅವರಿಗೆ. ಅವರು ಒಂದು ಗಿಡದಿಂದ ಆರ್ಟೆಮಿಸಿನಿನ್ ಅನ್ನುವ ಒಂದೇ ವಸ್ತುವನ್ನು ಬೇರ್ಪಡಿಸಿ, ಮಲೇರಿಯಾಕ್ಕೆ ಪರೀಕ್ಷೆ ಮಾಡಿ ತೋರಿಸಿದರು. ಹೆಸರಿಲ್ಲದ ಡಬ್ಬಿಯಲ್ಲಿ ಮಾರಲಿಲ್ಲ.

ಪ್ಯಾಕೇಜ್ ದುಡ್ಡು ವಾಪಸ್ ಕೇಳಿದ್ದಕ್ಕೆ, "ರೀಫಂಡ್ ಇಲ್ಲ, ಬೇಕಾದರೆ ಇನ್ನೆರಡು ಸಿಟ್ಟಿಂಗ್ ಫ್ರೀ ಕೊಡ್ತೀವಿ." ನಗಬೇಕೋ ಅಳಬೇಕೋ?

ಆ ಸೂಜಿಯ ಕಥೆಯೂ ಇದೇ. ಜರ್ಮನಿಯಲ್ಲಿ ದೊಡ್ಡ ಸಂಶೋಧನೆ ಆಗಿದೆ ಅಂದಿದ್ದರು. ಆಗಿದೆ, 2007ರಲ್ಲಿ ಪ್ರಕಟವಾಯಿತು, ಸೊಂಟನೋವಿನ 1162 ಜನ. ಸರಿಯಾದ ಜಾಗಕ್ಕೆ ಚುಚ್ಚಿಸಿಕೊಂಡವರಲ್ಲಿ ಶೇ. 47.6 ಜನಕ್ಕೆ ಗುಣ ಕಂಡಿತು. ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 27.4. ಇಷ್ಟು ಹೇಳಿ ನಿಲ್ಲಿಸಿದ್ದರು. ಸಂಬಂಧವೇ ಇಲ್ಲದ ಜಾಗಗಳಿಗೆ ಸುಮ್ನೆ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ. 44.2 ಜನಕ್ಕೆ ಗುಣ ಕಂಡಿದ್ದನ್ನು ಹೇಳಲೇ ಇಲ್ಲ. ನನಗೂ ಒಂದೆರಡು ದಿನ ಹಾಯೆನಿಸಿತ್ತು, ಇಲ್ಲ ಅನ್ನಲ್ಲ. ಅದಕ್ಕೆ ಅಷ್ಟೊಂದು ಮುಂಗಡ ಯಾಕೆ?

ಹೋಗಲೇಬೇಕು ಅನ್ನುವವರು ಇಷ್ಟು ಮಾಡಿ. ರೆಡಿಮೇಡ್ ಹರ್ಬಲ್ ಔಷಧಿಯ ಮೇಲೆ ಟಿಎಚ್‌ಆರ್ ಗುರುತು (ಸಾಂಪ್ರದಾಯಿಕ ಮೂಲಿಕೆ ಔಷಧಿ ಅಂತ ಸರ್ಕಾರದಲ್ಲಿ ನೋಂದಣಿಯಾದ ಗುರುತು) ಇದೆಯಾ ನೋಡಿ. ಬರಹವಿಲ್ಲದ ಡಬ್ಬಿ ಮುಟ್ಟಬೇಡಿ. ಬಿಳಿ ಕೋಟು ನೋಡಿ ಡಾಕ್ಟರ್ ಅಂದುಕೊಳ್ಳಬೇಡಿ, ಆಕ್ಯುಪಂಕ್ಚರ್ ಮಾಡುವವರಿಗೆ ಇಲ್ಲಿ ಡಾಕ್ಟರುಗಳಿಗೆ ಇರುವಂಥ ಕಾನೂನಿನ ವೃತ್ತಿ ನೋಂದಣಿ ಕಡ್ಡಾಯವಲ್ಲ. ಕ್ರೀಮ್ ಮ್ಯಾಜಿಕ್ ಥರ ಕೆಲಸ ಮಾಡಿದರೆ ಖುಷಿಪಡುವ ಮೊದಲು ಅನುಮಾನಪಡಿ. ತೊಂದರೆಯಾದರೆ, ಔಷಧಿಯ ಅಡ್ಡಪರಿಣಾಮ ತಿಳಿಸಲು ಸರ್ಕಾರ ಇಟ್ಟಿರುವ ಯೆಲ್ಲೋ ಕಾರ್ಡ್‌ನಲ್ಲಿ ದೂರು ಕೊಡಿ, ಹರ್ಬಲ್ ಔಷಧಿಗೂ ನಡೆಯುತ್ತೆ. ನಾನೂ ಕೊಟ್ಟಿದ್ದೇನೆ.

ಬ್ಯಾಂಕ್ ಕಾರ್ಡಿನಲ್ಲಿ ಕಟ್ಟಿದ ದುಡ್ಡಿಗೆ ಬ್ಯಾಂಕಿಗೆ ಬರೆದಿದ್ದೇನೆ, ವಿಚಾರಿಸುತ್ತೇವೆ ಅಂದಿದ್ದಾರೆ. ಡಿಸ್ಕೌಂಟ್ ಆಸೆಗೆ ಕ್ಯಾಷ್ ಕೊಟ್ಟ ಭಾಗಕ್ಕೆ ರಸೀದಿಯೂ ಇಲ್ಲ, ಅದು ಹೋಯಿತು ಅಂತಲೇ ಲೆಕ್ಕ.